ಹಿಮಸಾರಂಗದ ನೆಟಿಗೆ

ನಿಜವಾಗಿ ಏನಾಯಿತು ಎಂದು ಆಣೆ ಮಾಡಿ ಹೇಳಲು ನನ್ನಿಂದ ಆಗುವುದಿಲ್ಲ. ಮೊದಲು ಸದ್ದು ಕೇಳಿತೋ, ಮೊದಲು ಕೊಂಬು ಕಂಡಿತೋ? ನಾನು ಅಲ್ಲೇ ಇದ್ದೆ. ಎಚ್ಚರವಾಗಿದ್ದೆ. ಕನ್ನಡಕವೂ ಮೂಗಿನ ಮೇಲೇ ಇತ್ತು. ಆದರೂ ಗೊತ್ತಿಲ್ಲ.

ಈ ಪ್ರಶ್ನೆ ಎದ್ದದ್ದು ಕಳೆದ ಭಾನುವಾರ, ಟೆಕ್ಸಸ್ಸಿನ ಫ್ರಿಸ್ಕೋದಲ್ಲಿ. ಗೆಳೆಯ ಪ್ರಕಾಶ ಹೊಸ ಮನೆಗೆ ಊಟಕ್ಕೆ ಕರೆದಿದ್ದ. ಬಿಸಿಬೇಳೆಬಾತ್ ಮುಗಿದು ಮೊಸರನ್ನಕ್ಕೆ ಬರುವಷ್ಟರಲ್ಲಿ ಮಾತು ವೆಕೇಶನ್ ಕಡೆ ತಿರುಗಿತು. ನನ್ನ ಹೆಂಡತಿ ಶೈಲಜಾ ನಮ್ಮ ಅಲಾಸ್ಕಾ ಪ್ರವಾಸದ ಕಥೆ ತೆಗೆದಳು. ಮಂಜಿನಲ್ಲಿ ಕ್ಯಾರಿಬೂ ಹಿಂಡು (ಅದೇ, ದೊಡ್ಡ ಕೊಂಬಿನ ಹಿಮಸಾರಂಗ) ಕಣ್ಣಿಗೆ ಬೀಳುವ ಮೊದಲೇ ತನ್ನ ಕಿವಿಗೆ ಬಿತ್ತು, ಅವುಗಳ ಕಾಲು ನೆಟಿಗೆ ಮುರಿದ ಹಾಗೆ ಟಕ್ ಟಕ್ ಎನ್ನುತ್ತಿತ್ತು ಎಂದಳು.

"ಏನ್ ಅತ್ತಿಗೆ, ಅವಕ್ಕೆ ದೃಷ್ಟಿ ತೆಗೆಯೋಕೆ ನಿಮ್ಮತ್ತೆ ಅಲ್ಲಿಗೂ ಬಂದಿದ್ರಾ?" ಎಂದ ಪ್ರಕಾಶ.

ಮನೆಯೆಲ್ಲ ನಗು. ಶೈಲಜಾ ನನ್ನತ್ತ ತಿರುಗಿದಳು. "ನೀವರೆ ಹೇಳ್ರಿ."

ನಾನೇನು ಹೇಳಲಿ? "ಸದ್ದು ಮೊದಲೋ, ಪ್ರಾಣಿ ಮೊದಲೋ, ಸರಿಯಾಗಿ ನೆನಪಿಲ್ಲ" ಎಂದೆ. (ಮೈಸೂರಿನಲ್ಲಿ ಭೌತಶಾಸ್ತ್ರ ಓದಿದ್ದರ ಫಲ. ಅಳೆಯದ್ದನ್ನು ಒಪ್ಪಬೇಡ ಎಂದು ಕಲಿಸಿದರು. ಹೆಂಡತಿಯ ಎದುರು ಏನು ಮಾಡಬೇಕೆಂದು ಕಲಿಸಲಿಲ್ಲ.)

ಕಾಪೆಲ್‌ನ ನಮ್ಮ ಮನೆಗೆ ವಾಪಸ್ ಡ್ರೈವ್ ಮಾಡುವಾಗ ಅವಳು ಆಡಿದ್ದು ಒಂದೇ ಮಾತು: "ನಾಕ ಮಂದಿ ಮುಂದ ನನ್ನ ಸುಳ್ಳಬುರುಕಿ ಮಾಡಿದ್ರಿ."

ಹಾಗಾಗಿ, ಖಾತ್ರಿಯಿರುವಷ್ಟನ್ನಾದರೂ ಬರೆಯುತ್ತೇನೆ.

ಟೆಕ್ಸಸ್ಸಿನ ನಮ್ಮವರಿಗೆ ವನ್ಯಜೀವಿ ಎಂದರೆ ಏನು? ಆಸ್ಟಿನ್ನಿನ ಸೇತುವೆಯಡಿಯಿಂದ ಹಾರುವ ಬಾವಲಿ. ಹ್ಯೂಸ್ಟನ್ನಿಗೆ ಹೋದರೆ ದೇವಸ್ಥಾನ ಮುಗಿಸಿಕೊಂಡು ಝೂ. ಭೂಪಟದ ನೆತ್ತಿಯಲ್ಲಿರುವ ನದಿಗೆ ಹೋಗೋಣ, ರಬ್ಬರಿನ ರಾಫ್ಟ್ ಹತ್ತೋಣ ಎಂದವಳು ಶೈಲಜಾ. ಅವಳು ಗದಗಿನವಳು, ಈಜು ಬರುತ್ತಿರಲಿಲ್ಲ. ಇಡೀ ಚಳಿಗಾಲ ಪೂಲ್‌ನಲ್ಲಿ ಪುಟ್ಟ ಮಕ್ಕಳ ಕ್ಲಾಸಿನಲ್ಲಿ ನಿಂತು ಕಲಿತಳು. ಈಜು ಬರುವ ನಾನು ಮನೆಯಲ್ಲಿ ಕೂತು ಕರಡಿ ದಾಳಿಗಳ ಬಗ್ಗೆ ಓದಿದೆ.

ಪುಟ್ಟ ವಿಮಾನ ನಮ್ಮಿಬ್ಬರನ್ನೂ ಒಬ್ಬ ಗೈಡ್‌ನನ್ನೂ ನದಿಯ ಜಲ್ಲಿ ದಂಡೆಯ ಮೇಲೆ ಇಳಿಸಿ ಹಾರಿಹೋಯಿತು. ರಸ್ತೆ ಇಲ್ಲ, ಮರ ಇಲ್ಲ, ಫೋನ್ ಇಲ್ಲ. ಕರಡಿಯನ್ನೂ ಕಂಡೆವು (ದೂರದಿಂದ, ನನಗೆ ಅಷ್ಟು ಸಾಕಿತ್ತು). ಆಮೇಲೊಂದು ಬೆಳಿಗ್ಗೆ ದಟ್ಟ ಮಂಜು. ನೀರು ಅಲ್ಲಿ ಸದ್ದಿಲ್ಲದೆ ಹರಿಯುತ್ತಿತ್ತು. ಶೈಲಜಾ ಹುಟ್ಟು ಹಿಡಿದು ರಾಫ್ಟಿನ ಮುಂತುದಿಯಲ್ಲಿ ಕೂತಿದ್ದಳು. ಗೈಡ್ ಇನ್ನೇನು ಹಗ್ಗ ಬಿಡಬೇಕು.

"ತಡೀರಿ. ಏನೋ ಸಪ್ಪಳ ಆಗ್ಲಿಕ್ಕತ್ತದ. ಯಾರೋ ನೆಟಿಗಿ ಮುರದಂಗ."

"ಕಲ್ಲು ಉರುಳ್ತಿರೋದು ಕಣೇ, ನೀರಿನ ಕೆಳಗೆ" ಎಂದೆ.

"ಕಲ್ಲು ಹಿಂಗ ಹೆಜ್ಜಿ ಹಾಕ್ಕೋತ ಬರ್ತಾವೇನ್ರಿ?"

ಅವಳು ಗೈಡ್‌ಗೆ ಕೈಸನ್ನೆಯಲ್ಲೇ ನಿಲ್ಲು ಎಂದಳು. ಅವನು ನನ್ನ ಮುಖ ನೋಡಲಿಲ್ಲ, ಅವಳ ಮುಖ ನೋಡಿದ. ಹಗ್ಗ ಹಿಂದಕ್ಕೆಳೆದು ಗೂಟಕ್ಕೆ ಸುತ್ತಿದ.

ಸ್ವಲ್ಪ ಹೊತ್ತಿಗೆ ಮಂಜಿನಿಂದ ಕೊಂಬುಗಳು ಮೂಡಿದವು. ಹಿಂದೆಯೇ ಹಿಂಡು. ತಾಯಿಯ ಮಗ್ಗುಲಿಗೆ ಅಂಟಿಕೊಂಡ ಮರಿಗಳು. ಎಲ್ಲವೂ ನೀರಿಗಿಳಿದು, ನಮ್ಮ ರಾಫ್ಟ್ ಹೋಗಬೇಕಿದ್ದ ಜಾಗದಲ್ಲೇ ಅಡ್ಡಲಾಗಿ ಈಜಿಕೊಂಡು ದಾಟಿದವು. ನಾವು ಹೊರಟಿದ್ದರೆ ಆ ಮರಿಗಳ ನಡುವೆಯೇ ನುಗ್ಗುತ್ತಿದ್ದೆವು. ಶೈಲಜಾ ಅಲುಗಾಡದೆ ಕೂತಿದ್ದಳು, ಹುಟ್ಟನ್ನು ಎದೆಗೊತ್ತಿಕೊಂಡು. ಕೊನೆಯ ಮರಿ ಆಚೆ ದಡ ಹತ್ತಿ ಮೈ ಕೊಡವಿದಾಗ ಗೈಡ್ ಟೋಪಿ ತೆಗೆದು ಅವಳಿಗೆ ತಲೆಬಾಗಿದ. ಈಕೆ ನನ್ನ ಹೆಂಡತಿ ಎಂದು ಕೂಗಿ ಹೇಳಬೇಕೆನಿಸಿತು. ಆದರೆ ಕೇಳಲು ಅಲ್ಲಿ ಯಾರಿದ್ದರು?

ಆಮೇಲೆ ಗೈಡ್ ಆ ಸದ್ದಿನ ಬಗ್ಗೆ ಏನೋ ವಿವರಿಸಿದನಂತೆ. ನಾನು ಕ್ಯಾಮೆರಾ ಲೆನ್ಸ್ ಒರೆಸುತ್ತಿದ್ದೆ. ಕೇಳಿಸಿಕೊಳ್ಳಲಿಲ್ಲ.

ಇಲ್ಲೇ ನನ್ನ ಅನುಮಾನ. ಈ ಕಥೆಯನ್ನು ಅವಳ ಬಾಯಲ್ಲಿ ಅದೆಷ್ಟೋ ಸಲ ಕೇಳಿದ್ದೇನೆ. ಮೇಲೆ ಬರೆದದ್ದರಲ್ಲಿ ನನ್ನ ನೆನಪೆಷ್ಟು, ಅವಳದೆಷ್ಟು? ಟೋಪಿ ನಾನೇ ಕಂಡದ್ದೋ? ನೀವೇ ಹೇಳಿ, ಗಂಡ ಹೆಂಡತಿಯ ನೆನಪುಗಳನ್ನು ಬೇರೆ ಬೇರೆ ಮಾಡುವ ಉಪಕರಣ ಯಾವ ಲ್ಯಾಬಿನಲ್ಲಿದೆ?

ಆದರೆ ಅವಳ ಮಾತಿನಲ್ಲಿ ಪರೀಕ್ಷಿಸಬಹುದಾದ ಒಂದು ಅಂಶವಿತ್ತು. ಪ್ರಕಾಶ ನಕ್ಕಿದ್ದೂ ಅದಕ್ಕೇ. ಈ ವಾರ ಲೈಬ್ರರಿಗೆ ಹೋಗಿ, ಒಂದು ಪುಸ್ತಕ ಸಾಲದೆಂದು ಇನ್ನೊಂದನ್ನೂ ತೆರೆದು ತಾಳೆ ನೋಡಿದೆ.

ಕ್ಯಾರಿಬೂ ನಡೆಯುವಾಗ ಅದರ ಪಾದದ ಸ್ನಾಯುರಜ್ಜು ಮೂಳೆಯ ಮೇಲೆ ಜಾರಿ, ಹೆಜ್ಜೆ ಹೆಜ್ಜೆಗೂ ಟಕ್ ಎನ್ನುತ್ತದೆ.