ಜಪಾನಿಗೆ ಹೋದ ಗಾದೆಪ್ಪನ ಮೀಸೆ

ಗುಡೇಕೋಟೆಯ ಗಾದೆಪ್ಪ ಓದಿದ್ದು ಏಳನೇ ತರಗತಿ. ಬಳ್ಳಾರಿ ದಾಟಿ ಆಚೆ ಹೋದದ್ದು ಎರಡೇ ಸಲ, ಎರಡೂ ಸಲ ದವಾಖಾನೆಗೆ. ಆದರೂ ನಲವತ್ತಮೂರು ದೇಶಗಳ ಹಣೆಬರಹ ಅವನ ಪಡಸಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿತ್ತು. ಯಾವ ದೇಶದ ಬೊಕ್ಕಸ ಗಟ್ಟಿ, ಯಾವುದು ಅಲ್ಲಾಡುತ್ತಿದೆ, ಯಾವುದು ಬುಡಸಮೇತ ಬೀಳಲಿದೆ ಎಂಬುದನ್ನು ಅವನು ಚಾಪೆಯ ಮೇಲೆ ಕೂತು ಎಲೆಅಡಿಕೆ ಅಗಿಯುತ್ತ ತೀರ್ಮಾನಿಸುತ್ತಿದ್ದ. ಈ ಸಂಗತಿ ಆ ದೇಶಗಳಿಗೆ ಗೊತ್ತಿರಲಿಲ್ಲ. ಅದು ಅವುಗಳ ಪುಣ್ಯ.

ಹೊಟ್ಟೆಪಾಡಿನ ಕಸುಬು ಬೇರೆ. ಅವನು ಹುಣಸೆ ಮರ ನೋಡುವವನು. ನೋಡುವುದೇನು ಮಹಾ, ಯಾರು ಬೇಕಾದರೂ ನೋಡಬಹುದು ಎನ್ನಬೇಡಿ. ಕೂಡ್ಲಿಗಿ ಸೀಮೆಯಲ್ಲಿ ಹುಣಸೆ ಫಸಲು ಮರದಲ್ಲಿರುವಾಗಲೇ ವ್ಯಾಪಾರವಾಗುತ್ತದೆ. ಮರದ ಒಡೆಯ ಹತ್ತು ಕ್ವಿಂಟಲ್ ಅನ್ನುತ್ತಾನೆ, ಕೊಳ್ಳುವ ಸಾಹುಕಾರ ಐದು ಅನ್ನುತ್ತಾನೆ, ಇಬ್ಬರೂ ದೇವರಾಣೆ ಹಾಕುತ್ತಾರೆ. ಆಗ ಗಾದೆಪ್ಪನನ್ನು ಕರೆಸಬೇಕು. ಅವನು ಬಂದು ಮೂರು ಸುತ್ತು ಹಾಕಿ, ಒಂದು ಕೊಂಬೆಯನ್ನು ಉದ್ದನೆಯ ಬಿದಿರಿನ ಗಳದಿಂದ ಅಲ್ಲಾಡಿಸಿ, ಕಾಯಿಯ ಸದ್ದು ಕೇಳಿ, ಮೀಸೆ ತಿರುವಿ ಒಂದು ಸಂಖ್ಯೆ ಹೇಳುತ್ತಿದ್ದ. ಅಷ್ಟಕ್ಕೆ ಮುಗಿಯಿತು. ಆಮೇಲೆ ಆ ಮರದ ಕೆಳಗೆ ಯಾರೂ ತಕ್ಕಡಿ ತರುತ್ತಿರಲಿಲ್ಲ. ತಂದರೆ ಗಾದೆಪ್ಪನ ಮೈಮೇಲೆ ಎಂಜಲು ಸುರಿದಂತೆ. ಮೂವತ್ತು ವರ್ಷದಲ್ಲಿ ಅಂಥ ಅವಮಾನ ಒಂದು ಸಲವೂ ಆಗಿರಲಿಲ್ಲ.

ದೇಶಗಳ ಹುಚ್ಚು ಹಿಡಿದದ್ದು ಗ್ರಂಥಾಲಯದಲ್ಲಿ. ಮಳೆಗಾಲದಲ್ಲಿ ಮರ ನೋಡುವ ಕೆಲಸ ಇರುವುದಿಲ್ಲ. ಪೇಪರ್ ಓದೋಣವೆಂದು ಹೋದರೆ ಕ್ರಿಕೆಟ್ಟಿನ ಪುಟ ಹುಡುಗರ ಕೈಯಲ್ಲಿ, ಸತ್ತವರ ಫೋಟೋ ಇರುವ ಪುಟ ಮುದುಕರ ಕೈಯಲ್ಲಿ. ಯಾರಿಗೂ ಬೇಡವಾಗಿ ಉಳಿಯುತ್ತಿದ್ದದ್ದು ವಾಣಿಜ್ಯದ ಪುಟ. ಅದೇ ಗಾದೆಪ್ಪನ ಪಾಲಿಗೆ ಬಂತು. ಅದರಲ್ಲಿ ಒಂದು ದಿನ, ದೇಶಗಳಿಗೆ ದರ್ಜೆ ಕೊಡುವ ಕಂಪನಿಗಳಿವೆ, ಅವು ಗಟ್ಟಿ ದೇಶಕ್ಕೆ ಮೂರು ‘ಎ’ ಕೊಡುತ್ತವೆ ಎಂದು ಓದಿ ಅವನಿಗೆ ಮೈಯೆಲ್ಲ ಉರಿಯಿತು. ಮೂರು ಸಲ ಎ ಎ ಎ ಅನ್ನುವುದು ದರ್ಜೆಯೋ ಆಕಳಿಕೆಯೋ? ಕೋಣೆಯೊಳಗೆ ಕೂತು ಮರ ನೋಡುವ ಆ ಮಹಾನುಭಾವರು ಯಾರು? ತನ್ನ ಕೆಲಸವನ್ನೇ ಅವರು ಕೋಟು ಹಾಕಿಕೊಂಡು ಮಾಡುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು.

ಅಂದೇ ಗೋಡೆಯ ಮೇಲೆ ತನ್ನದೇ ದರ್ಜೆಗಳನ್ನು ಬರೆದ. ಹಣ್ಣು, ದೋರೆಗಾಯಿ, ಕಾಯಿ, ಜೊಳ್ಳು. ನಾಲ್ಕೇ. ಗಟ್ಟಿ ದೇಶ ಹಣ್ಣು, ಮುಳುಗುವ ದೇಶ ಜೊಳ್ಳು, ಮಿಕ್ಕವು ನಡುವೆ. ನಮ್ಮ ದೇಶ ಮಾತ್ರ ಆ ಗೋಡೆಯ ಮೇಲಿರಲಿಲ್ಲ. ಯಾಕೆಂದು ಕೇಳಿದವರಿಗೆ ಅವನ ಉತ್ತರ ಒಂದೇ. ಮರ ನೋಡುವವನು ಸ್ವಂತ ಮರ ನೋಡಬಾರದು, ಅದು ಕಸುಬಿನ ನೇಮ.

ಊರಿನವರು ನಗುತ್ತಿದ್ದರು. ನಗು ನಿಂತದ್ದು ಶ್ರೀಲಂಕಾದಿಂದ. ಅಲ್ಲಿಯ ಸರಕಾರ ರಸಗೊಬ್ಬರ ನಿಲ್ಲಿಸಿದ ಸುದ್ದಿ ಬಂದ ದಿನವೇ ಗಾದೆಪ್ಪ ಅದನ್ನು ಕಾಯಿಯಿಂದ ಜೊಳ್ಳಿಗೆ ಇಳಿಸಿದ್ದ. ಬುಡಕ್ಕೆ ಗೊಬ್ಬರ ತಪ್ಪಿಸಿ, ಪಕ್ಕದವರ ಬಾವಿಯಿಂದ ನೀರು ಕಡ ತಂದು ಹಾಕುವ ಮರ ಎಷ್ಟು ದಿನ ನಿಂತೀತು ಎಂದಿದ್ದ. ವರ್ಷ ತುಂಬುವುದರೊಳಗೆ ಶ್ರೀಲಂಕಾ ಹೊರದೇಶದ ಸಾಲ ಕಟ್ಟಲಾರೆ ಎಂದು ಕೈಯೆತ್ತಿತು. ಗುಡೇಕೋಟೆಯ ಜನ ಗಾದೆಪ್ಪನಿಗೆ ಚಹಾ ಕುಡಿಸಿದರು. ಕಾನಹೊಸಹಳ್ಳಿಯಿಂದಲೂ ಇಬ್ಬರು ಬಂದು ನೋಡಿಕೊಂಡು ಹೋದರು. ಅಂದಿನಿಂದ ಮೀಸೆಯ ತುದಿ ಕಣ್ಣಿನ ಕಡೆಗೆ ತಿರುಗಿತು, ಮಾತು ನೆಲ ಬಿಟ್ಟಿತು. ಗೆದ್ದವನಿಗೆ ಬುದ್ಧಿ ಹೇಳುವವರು ಯಾರು?

ಆ ಉಬ್ಬಿನಲ್ಲೇ ಅವನು ಜಪಾನಿಗೆ ಕೈ ಹಾಕಿದ್ದು.

ಜಪಾನಿನ ಸಾಲ ಆ ದೇಶದ ಒಂದು ವರ್ಷದ ದುಡಿಮೆಯ ಎರಡು ಪಟ್ಟಿಗಿಂತ ಹೆಚ್ಚು ಎಂದು ಪೇಪರಿನಲ್ಲಿತ್ತು. ಶ್ರೀಲಂಕಾದ ಸಾಲ ಅದರ ಅರ್ಧದಷ್ಟೂ ಇರಲಿಲ್ಲ, ಅದೇ ಮಕಾಡೆ ಬಿದ್ದಿತ್ತು. ಮೇಲಾಗಿ ಹದಿನೇಳು ವರ್ಷದಲ್ಲಿ ಮೊದಲ ಸಲ ಜಪಾನು ಬಡ್ಡಿ ಏರಿಸಿದೆ ಎಂಬ ಸುದ್ದಿ. ಗಾದೆಪ್ಪ ಸೀಮೆಸುಣ್ಣ ಎತ್ತಿಕೊಂಡು ಜಪಾನನ್ನು ಒಂದೇ ಏಟಿಗೆ ಹಣ್ಣಿನಿಂದ ಜೊಳ್ಳಿಗೆ ಇಳಿಸಿದ. ಅದು ಎರಡು ಸಾವಿರದ ಇಪ್ಪತ್ತನಾಲ್ಕರ ಉಗಾದಿ. ಬೇವುಬೆಲ್ಲ ಕೊಡಲು ಬಂದ ಸಾಹುಕಾರ ಮೈಲಾರಲಿಂಗಪ್ಪ ಗೋಡೆ ನೋಡಿ ನಕ್ಕುಬಿಟ್ಟ. ಈ ಸಾಹುಕಾರನದು ಕೊಟ್ಟೂರಿನಲ್ಲಿ ಹುಣಸೆಹಣ್ಣಿನ ಗೋಡೌನು. ಗಾದೆಪ್ಪನ ಮಾತಿನ ಮೇಲೆ ಮೂವತ್ತು ವರ್ಷ ಮರ ಗುತ್ತಿಗೆ ಹಿಡಿದವನು. ನಕ್ಕದ್ದು ಅವನಾದ್ದರಿಂದ ಗಾದೆಪ್ಪನಿಗೆ ಚುರುಕ್ಕೆಂದಿತು.

“ಬರೋ ಉಗಾದಿ ಒಳಗ ಜಪಾನು ಬೀಳಲಿಲ್ಲ ಅಂದ್ರ ಈ ಮೀಸಿ ಬೋಳಿಸ್ತೀನ್ರಿ, ಸಾವ್ಕಾರ್ರ.”

“ನಿನ್ನ ಮೀಸಿ ತಗಂಡು ನಾ ಏನ್ ಮಾಡ್ಲಿ?” ಎಂದ ಮೈಲಾರಲಿಂಗಪ್ಪ. “ಅದರ ಜೊತಿಗೆ ಇನ್ನೊಂದು ಹೇಳು. ಜಪಾನು ಉಳದ್ರ, ನೀ ಹೇಳಿದ ಮರದ ಕೆಳಗ ನಾ ಕಾಟಾ ತರ್ತೀನಿ.”

ಕಾಟಾ ಎಂದರೆ ತೂಕದ ಯಂತ್ರ. ಗಾದೆಪ್ಪ ಬಾಯಲ್ಲಿದ್ದ ಬೇವನ್ನು ಅಗಿಯದೆ ನುಂಗಿದ. ಆದರೆ ಹೂಂ ಎಂದುಬಿಟ್ಟ. ಹೆಂಡತಿ ಹಂಪಕ್ಕ ಒಳಗಿನಿಂದಲೇ ಹಣೆ ಚಚ್ಚಿಕೊಂಡಳು.

ಆಮೇಲಿನ ವರ್ಷ ಗಾದೆಪ್ಪ ದಿನಾ ಗ್ರಂಥಾಲಯಕ್ಕೆ ಹೋಗಿ ಜಪಾನಿನ ಸಾವಿನ ಸುದ್ದಿ ಹುಡುಕಿದ. ಜಪಾನು ಸಾಯಲಿಲ್ಲ. ಕಾರು ಮಾರಿತು, ಭೂಕಂಪ ತಾಳಿಕೊಂಡಿತು, ಪ್ರಧಾನಿಯನ್ನು ಬದಲಾಯಿಸಿತು, ಬಡ್ಡಿಯನ್ನು ಇನ್ನೂ ಚೂರು ಏರಿಸಿತು, ಸಾಯುವುದೊಂದನ್ನು ಬಿಟ್ಟು ಎಲ್ಲ ಮಾಡಿತು. ಒಂದು ಮಧ್ಯಾಹ್ನ ಅವನು ಪಡಸಾಲೆಯಲ್ಲಿ ತಲೆಮೇಲೆ ಕೈಹೊತ್ತು ಕೂತಿದ್ದಾಗ ಪಕ್ಕದಲ್ಲಿ ಹಂಪಕ್ಕನ ಮಹಿಳಾ ಸಂಘದವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಹಂಪಕ್ಕನಿಗೆ ಪೇಪರ್ ಓದಲು ಬರುವುದಿಲ್ಲ. ಜಪಾನು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿಲ್ಲ. ಅವಳು ಕೇಳಿದ್ದು ಒಂದೇ ಮಾತು, ಜಪಾನಿಗೆ ಅಷ್ಟು ಸಾಲ ಕೊಟ್ಟವರು ಯಾರು?

ಗಾದೆಪ್ಪ ಆ ಪ್ರಶ್ನೆಯನ್ನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಮಡಿಚಿಟ್ಟಿದ್ದ ಪೇಪರಿನ ತುಂಡು ಬಿಚ್ಚಿ ನೋಡಿದ. ಹೆಚ್ಚಿನ ಪಾಲು ಅಲ್ಲಿಯ ಜನರೇ, ಅಲ್ಲಿಯ ಬ್ಯಾಂಕುಗಳೇ, ಅದೂ ಅವರದೇ ನೋಟಿನಲ್ಲಿ ಎಂದಿತ್ತು.

ಹಂಪಕ್ಕ ನಕ್ಕಳು. “ಹಂಗಾರ ಅದು ನಮ್ಮ ಸಂಘ ಇದ್ದಂಗ ಐತಿ. ಗೀತಮ್ಮನ ದುಡ್ಡು ನನಗ ಸಾಲ, ನನ್ನ ದುಡ್ಡು ಗೀತಮ್ಮಗ ಸಾಲ. ನಮ್ಮ ಮನಿಗೆ ಬೀಗ ಹಾಕಾಕ ಯಾರು ಬರ್ತಾರ? ಗೀತಮ್ಮ ಬರ್ತಾಳೇನು?”

ಬೀಜ ಬಿಡಿಸುತ್ತಿದ್ದ ಗೀತಮ್ಮ ತಾನು ಬರುವುದಿಲ್ಲ ಎಂದು ಗಂಭೀರವಾಗಿ ತಲೆಯಾಡಿಸಿದಳು.

“ನೀ ಕಾಯಿ ಹೊರಗಿಂದ ನೋಡ್ತಿ,” ಎಂದಳು ಹಂಪಕ್ಕ. “ನಾವು ಒಡದು ನೋಡ್ತೀವಿ.”

ಗಾದೆಪ್ಪ ಹೆಂಗಸರಿಗೆ ಅರ್ಥಶಾಸ್ತ್ರ ತಿಳಿಯುವುದಿಲ್ಲ ಎಂದು ಗೊಣಗಿ ಎದ್ದುಹೋದ. ತಾನು ಸೋತದ್ದು ಅವನಿಗೆ ಅಲ್ಲೇ ಗೊತ್ತಾಗಿತ್ತು. ಶ್ರೀಲಂಕಾ ಪಕ್ಕದವರ ಬಾವಿಯ ಮರ ಎಂದು ಹೇಳಿದವನು ತಾನೇ. ಜಪಾನಿನದು ಸ್ವಂತ ಬಾವಿ ಎಂಬುದು ಮಾತ್ರ ಹೊಳೆಯಲಿಲ್ಲ. ನಾಚಿಕೆಯಿಂದ ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ.

ಉಗಾದಿ ಬಂತು, ಜಪಾನು ಸುಖವಾಗಿತ್ತು. ಮರುದಿನ ಗಾದೆಪ್ಪ ಕಾನಹೊಸಹಳ್ಳಿಯ ಕ್ಷೌರದ ಅಂಗಡಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡ. ನಮ್ಮ ಕಡೆ ಮೀಸೆ ಹೋಯಿತೆಂದರೆ ಮನೆಯಲ್ಲಿ ಹಿರಿಯರು ಯಾರೋ ಹೋದರು ಎಂದೇ ಅರ್ಥ. ಇದನ್ನು ಪಂಥ ಕಟ್ಟುವಾಗ ಅವನು ಮರೆತಿದ್ದ. ಬಸ್ಸು ಹತ್ತಿದರೆ ಜನ ಎದ್ದು ಜಾಗ ಬಿಟ್ಟುಕೊಟ್ಟರು. ಪಕ್ಕದಲ್ಲಿದ್ದ ಮಾರೆಮ್ಮ ಎಂಬ ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಯಾರು ಹೋದರೆಂದು ಕೇಳಿದಳು.

“ಹೋಗಬೇಕಾದೋರು ಹೋಗಲಿಲ್ಲಮ್ಮ,” ಎಂದ ಗಾದೆಪ್ಪ. “ಅದಕ್ಕ ತೆಗೆಸೀನಿ.”

ಹಾಸಿಗೆ ಹಿಡಿದ ಜೀವ ಇರಬೇಕೆಂದು ತಿಳಿದ ಮುದುಕಿ, ದೇವರು ಬೇಗ ಕರೆದುಕೊಳ್ಳಲಿ ಎಂದು ಜಪಾನಿಗೆ ಹರಸಿದಳು.

ಆ ವಾರವೇ ಎರ್ರಮ್ಮನ ಹೊಲದ ಮೂರು ಮರ ಬಡಿಯುವುದಿತ್ತು. ಚಳಿಗಾಲದಲ್ಲೇ ಗಾದೆಪ್ಪ ಒಂಬತ್ತು ಕ್ವಿಂಟಲ್ ಎಂದಿದ್ದ, ಆ ಲೆಕ್ಕಕ್ಕೆ ಸಾಹುಕಾರನಿಂದ ಎರ್ರಮ್ಮನಿಗೆ ದುಡ್ಡೂ ಸಂದಿತ್ತು. ಸಂಘದ ಹೆಂಗಸರು ಕಾಯಿ ಆರಿಸಿ ಚೀಲ ತುಂಬಿದರು. ಅಷ್ಟರಲ್ಲಿ ಮೈಲಾರಲಿಂಗಪ್ಪನ ಟೆಂಪೋ ಬಂತು. ಅದರಿಂದ ಇಬ್ಬರು ಹಮಾಲರು ಕಾಟಾ ಇಳಿಸಿದರು. ಗಾದೆಪ್ಪ ಮೀಸೆಯಿಲ್ಲದ ತುಟಿ ಬಿಗಿಹಿಡಿದು ಮರದ ಬುಡಕ್ಕೆ ಒರಗಿ ನಿಂತ. ಮನೆ ಮುಂದೆ ಜಪ್ತಿಗೆ ಬಂದವರನ್ನು ನೋಡುವ ಹಾಗೆ ಆ ಯಂತ್ರವನ್ನು ನೋಡುತ್ತಿದ್ದ. ಒಂದೊಂದೇ ಚೀಲ ಏರಿತು, ಇಳಿಯಿತು. ಕೊನೆಗೆ ಒಟ್ಟು ಬಂದದ್ದು ಏಳು ಕ್ವಿಂಟಲ್ ಮೂವತ್ತು ಕೆಜಿ.

ದುಡ್ಡು ತಿರುಗಿಸಿ ಕೊಡಬೇಕಾದೀತೆಂದು ಎರ್ರಮ್ಮ ಸದ್ದಿಲ್ಲದೆ ಮರದ ಹಿಂದೆ ಸರಿದಳು. ಮೊದಲು ಬಾಯಿ ತೆರೆದವಳು ಹಂಪಕ್ಕ. ಇಷ್ಟು ವರ್ಷ ಯಾರೂ ತೂಗಲಿಲ್ಲ, ಅದಕ್ಕೇ ನಿನ್ನ ಮಾತಿಗೆ ತೂಕ ಇತ್ತು ಎಂದು ಗಂಡನಿಗೆ ಹೇಳಿದಳು. ಹೇಳಿದ ಮೇಲೆ ಅವನ ಮುಖ ನೋಡಿ ಅವಳಿಗೇ ಕೆಡುಕೆನಿಸಿತು.

ಗಾದೆಪ್ಪ ಹೆಗಲ ಮೇಲಿನ ಗಳವನ್ನು ತಂದು ಸಾಹುಕಾರನ ಕಾಲಬಳಿ ಇಟ್ಟ. ಇನ್ನು ಮುಂದೆ ಈ ಯಂತ್ರವನ್ನೇ ಕರೆದುಕೊಂಡು ತಿರುಗಿ, ನನಗೆ ಹೇಳಿ ಕಳಿಸಬೇಡಿ ಎಂದ.

ಮೈಲಾರಲಿಂಗಪ್ಪ ಗಳವನ್ನೂ ನೋಡಲಿಲ್ಲ, ಕಾಟಾವನ್ನೂ ನೋಡಲಿಲ್ಲ. ಜೇಬಿನಿಂದ ಎಲೆಅಡಿಕೆಯ ಚೀಲ ತೆಗೆದು ಗಾದೆಪ್ಪನಿಗೆ ನೀಡಿದ.

“ಯಾರೂ ತೂಗಿಲ್ಲ ಅಂತ ಯಾರು ಹೇಳಿದ್ರು? ಮೂವತ್ತು ವರ್ಷದಿಂದ ಕೊಟ್ಟೂರಾಗ ನನ್ನ ಗೋಡೌನಿನ್ಯಾಗ ತೂಗ್ತಾ ಬಂದೀನಿ. ಒಂದು ಸಲಾನೂ ನೀ ಹೇಳಿದ್ದು ಸರಿ ಬಂದಿಲ್ಲ.”

ಹಾಗಾದರೆ ಪ್ರತಿ ವರ್ಷ ತನ್ನನ್ನು ಯಾಕೆ ಕರೆಸುತ್ತಿದ್ದಿರಿ ಎಂದು ಗಾದೆಪ್ಪ ಕೇಳಿದ.

“ಒಮ್ಮಿ ಎರಡು ಹೆಚ್ಚು ಹೇಳ್ತಿ, ಒಮ್ಮಿ ಎರಡು ಕಡಿಮಿ ಹೇಳ್ತಿ,” ಎಂದ ಸಾಹುಕಾರ. “ನೀ ತಪ್ಪತಿ, ಗಾದೆಪ್ಪ. ಆದ್ರ ನನ್ನ ಕಡಿಗೆ ಅಂತ ತಪ್ಪಲಿಲ್ಲ, ಮರದೋರ ಕಡಿಗೆ ಅಂತಾನೂ ತಪ್ಪಲಿಲ್ಲ. ಅಂಥೋನು ಈ ಸೀಮ್ಯಾಗ ಇನ್ನೊಬ್ಬ ಇಲ್ಲ. ಗಳ ಎತ್ತಿಕ್ಯಾ, ನಾಳೆ ಕೂಡ್ಲಿಗಿ ಕಡಿ ಹೋಗಾದೈತಿ.”

ಮರದ ಹಿಂದಿನಿಂದ ಎರ್ರಮ್ಮ ಹೊರಗೆ ಬಂದಳು. ಹಮಾಲರು ಕಾಟಾವನ್ನು ಟೆಂಪೋಗೆ ಏರಿಸಿದರು. ಗಾದೆಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಣ್ಣು ತುಂಬಿ ಬಂತು. ಅದನ್ನು ಹಂಪಕ್ಕ ನೋಡಿಯಾಳೆಂದು ಬೇರೆ ಕಡೆ ತಿರುಗಿ, ಗತ್ತಿನಿಂದ ಮೀಸೆ ತಿರುವಲು ಕೈ ಎತ್ತಿದ. ಬೆರಳು ಬೋಳು ತುಟಿಯ ಮೇಲೆ ಎರಡು ಸಲ ಹುಡುಕಾಡಿ ಕೆಳಗಿಳಿಯಿತು.