ಕಟಿಂಗ್ ಮಾಮನ ದೋಣಿ, ಟೀಸಿ ಭಾವನ ದೂರು

ಕಟಿಂಗ್ ಮಾಮನ ಕೈಗೂ ಬಾಯಿಗೂ ಅದೇನು ನಂಟೋ, ಒಂದು ನಿಂತರೆ ಇನ್ನೊಂದೂ ನಿಂತುಬಿಡುತ್ತಿತ್ತು. ಬಣ್ಣ ಕಟ್ಟಿ ಹೇಳುತ್ತಿಲ್ಲ. ಒಮ್ಮೆ ದವಡೆ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಅಂಗಡಿ ತೆರೆದಿದ್ದ. ಆ ದಿನ ಮಾತಿಲ್ಲ. ಬ್ಯಾಂಕ್ ಮ್ಯಾನೇಜರರ ಬಲಗಿವಿಯ ಪಕ್ಕದ ಕೂದಲು ಎಲ್ಲೋ, ಎಡಗಿವಿಯದು ಇನ್ನೆಲ್ಲೋ ಬಂದು ನಿಂತಿತು. ಪಾಪ, ಅವರು ತಿಂಗಳಿಡೀ ಎಲ್ಲರ ಜೊತೆಗೂ ಒಂದೇ ಪಕ್ಕಕ್ಕೆ ತಿರುಗಿ ಮಾತಾಡಿದರು.

ಅಂಗಡಿಯೇನು ದೊಡ್ಡದಲ್ಲ. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ಅದರ ಕೆಳಗೆ ಬಾಚಣಿಗೆ ಅದ್ದಿಟ್ಟ ನೀಲಿ ನೀರಿನ ಜಾಡಿ. ಜಾಡಿಯ ಪಕ್ಕದಲ್ಲಿ, ಪೌಡರ್ ಡಬ್ಬಿಗಳನ್ನೆಲ್ಲ ಒತ್ತರಿಸಿ, ಒಂದು ಹಾಯಿದೋಣಿ. ಎದೆಯೆತ್ತರದ ಕಂಬ, ತೆಳ್ಳನೆಯ ಹೊಟ್ಟೆ. ಇಂಜಿನ್ ಇಲ್ಲ, ಗಾಳಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ದಡದಲ್ಲಿ ನಿಂತು ಕೈಯಲ್ಲಿ ರಿಮೋಟು ಹಿಡಿದರೆ ಒಂದು ಕಡ್ಡಿ ಚುಕ್ಕಾಣಿ ತಿರುಗಿಸುತ್ತದೆ, ಇನ್ನೊಂದು ಹಾಯಿಯ ಹಗ್ಗ ಎಳೆದು ಬಿಡುತ್ತದೆ, ಅಷ್ಟೇ. ಹಾಯಿಯ ಮೇಲೆ ದಪ್ಪ ನೀಲಿ ಪಟ್ಟೆ ಎಳೆದವಳು ಮಾಮನ ಹೆಂಡತಿ. ಗಿರಾಕಿಗಳ ಕತ್ತಿಗೆ ಕಟ್ಟುವ ಬಟ್ಟೆಗೂ ಅದೇ ಪಟ್ಟೆ.

ಈ ಹುಚ್ಚು ಹತ್ತಿಸಿದವರು ಹೆಂಡತಿಯ ಅಣ್ಣ, ಟೀಸಿ ಭಾವ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದ ಸ್ವಂತ ಮಾವನಿಗೇ ದಂಡ ಹಾಕಿ, ರಸೀದಿಯನ್ನೂ ಹರಿದುಕೊಟ್ಟ ಮಹಾನುಭಾವರು. "ಸುಮ್ನೆ ಅಂಗಡೀಲಿ ಕೂತು ಹರಟೋ ಬದಲು ಕೆರೆ ಹತ್ರ ಬಾರಯ್ಯಾ" ಎಂದು ಎಳೆದುಕೊಂಡು ಹೋದರು. ದೋಣಿ ನಮ್ಮ ಕಡೆಗೆ ತಿರುಗಿ ಬರುವಾಗ ಎಡ ಬಲವಾಗಿ, ಬಲ ಎಡವಾಗಿ ಹೊಸಬರು ಗೊಂದಲದಲ್ಲಿ ಬೀಳುತ್ತಾರೆ. ಜೀವಮಾನವಿಡೀ ಕನ್ನಡಿ ನೋಡಿ ಕತ್ತರಿ ಆಡಿಸಿದ ಮಾಮನಿಗೆ ಆ ಕಾಟವೇ ಇರಲಿಲ್ಲ. ಬಾಯಿ ಮಾತ್ರ ಅಂಗಡಿಯಿಂದ ಕೆರೆಗೆ ಜೊತೆಯಲ್ಲೇ ಬಂತು.

ಪ್ರತಿ ವರ್ಷದ ಚಾಂಪಿಯನ್‌ಶಿಪ್‌ನಲ್ಲಿ ಎರಡು ಗುಂಪು. ಕೆಳಗಿನ ಗುಂಪಿನ ಯಾವುದಾದರೂ ಒಂದು ಪಂದ್ಯದಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರು ಮೇಲಿನ ಗುಂಪಿನ ಜೊತೆ ಓಡಿಸಬಹುದು. ಮಾಮ ಎಷ್ಟೋ ವರ್ಷದಿಂದ ಕೆಳಗೇ ಬೇರು ಬಿಟ್ಟಿದ್ದ. ಕಪ್ ಬೇಡ, ಪದಕ ಬೇಡ. ಒಂದೇ ಒಂದು ಸಲ ಆ ಘಟಾನುಘಟಿಗಳ ಪಕ್ಕದಲ್ಲಿ ನಿಂತು ದೋಣಿ ಬಿಡಬೇಕು. ಅದನ್ನು ಕೇಳಿ ಕೇಳಿ ಗಿರಾಕಿಗಳಿಗೂ ಬಾಯಿಪಾಠವಾಗಿತ್ತು.

ಈ ಸಲ ಶನಿವಾರ ಬೆಳಗ್ಗೆ ಎಲ್ಲ ಚೆನ್ನಾಗೇ ಶುರುವಾಯಿತು. ದಡದಲ್ಲಿ ಎಲ್ಲರೂ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಮಾಮ ದೋಣಿ ನಡೆಸುತ್ತಲೇ ಕಥೆ ತೆಗೆದ.

"ಒಬ್ಬ ಬಂದ ಕಣ್ರೀ, ಮೀಸೆ ಪೂರ್ತಿ ತೆಗೀರಿ ಅಂತ. ಅರ್ಧ ತೆಗ್ದಿದೀನಿ, ಫೋನ್ ಬಂತು. ಆ ಅಂತ ಕಿರುಚಿದವನೇ, ಕತ್ತಿಗೆ ಕಟ್ಟಿದ್ ಬಟ್ಟೆ ಸಮೇತ ರಸ್ತೆಗೆ ಓಡಿದ! ಡಾಕ್ಟ್ರೇ, ನಿಮ್ ದೋಣಿ ಸ್ವಲ್ಪ ಈಚೆಗೆ... ಭಾವಾ, ಭಾವಾ, ಅದು ನಿಮ್ದಲ್ಲ! ನಿಮ್ದು ಆ ಕಡೆ ಇದೆ ನೋಡಿ!"

ಡಾಕ್ಟರೆಂದರೆ ಮಾಮನ ಹಲ್ಲು ಕಿತ್ತ ಹಲ್ಲಿನ ಡಾಕ್ಟರೇ. ಅವರದೂ ಬಿಳೀ ಹಾಯಿ, ಭಾವನದೂ ಬಿಳೀ ಹಾಯಿ, ಮೇಲೆ ಬರೆದ ನಂಬರ್ ಮಾತ್ರ ಬೇರೆ. ಡಾಕ್ಟರ ದೋಣಿಯನ್ನು ತಮ್ಮದೆಂದು ನೋಡುತ್ತಾ ಭಾವ ಕಡ್ಡಿ ತಿರುಗಿಸುತ್ತಿದ್ದರು. ಸುತ್ತಲಿದ್ದವರು ಗೊಳ್ಳೆಂದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಹಾಗೇ ಆಯಿತು, ಇನ್ನೊಂದು ಸಲ ನಗು. ಭಾವನ ಮೂಗು ಕೆಂಪಾಯಿತು.

ಪಂದ್ಯ ಮುಗಿದದ್ದೇ ತಡ, ಭಾವ ದೂರು ಕೊಟ್ಟರು. ದಾರಿ ಕೇಳುವ, ಎಚ್ಚರಿಸುವ ನಿಯಮದ ಕೂಗುಗಳನ್ನು ಬಿಟ್ಟು ಬೇರೆ ಮಾತಾಡಿ ಗಮನ ಕೆಡಿಸುತ್ತಿದ್ದಾರೆ ಎಂದು. ತೀರ್ಪುಗಾರ್ತಿ ಹಿಂದೆ ಶಾಲೆಯಲ್ಲಿ ಆಟದ ಮೇಡಂ ಆಗಿದ್ದವರು. ಕತ್ತಿನಲ್ಲಿ ಈಗಲೂ ಸೀಟಿ. ಅವರು ಮಾಮನನ್ನು ಕರೆದು, "ಇನ್ಮೇಲೆ ಮಾತಾಡಿದ್ರೆ ದಂಡ. ನಿಮ್ಮ ದೋಣೀನ ಇದ್ದಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸ್ಬೇಕು" ಎಂದರು.

ಅರ್ಧ ಮೀಸೆಯವನ ಕಥೆ ಅರ್ಧಕ್ಕೇ ನಿಂತಿತು. ಬಾಯಿಗೆ ಬೀಗ ಬಿದ್ದ ಮಾಮ ಮಧ್ಯಾಹ್ನವೆಲ್ಲ ಬೆದರುಗೊಂಬೆಯ ಹಾಗೆ ನಿಂತ. ಅವನ ದೋಣಿ ಒಮ್ಮೆ ತಿರುವಿನ ಗುರುತಿಗೆ ಬಿಟ್ಟ ಕಿತ್ತಳೆ ಬಣ್ಣದ ತೇಲುಗುಂಡಿಗೆ ಹೋಗಿ ಡಿಕ್ಕಿ ಹೊಡೆಯಿತು, ಒಮ್ಮೆ ಜೊಂಡಿನೊಳಗೆ ನುಗ್ಗಿ ಬಾತುಕೋಳಿಗಳನ್ನೆಬ್ಬಿಸಿತು.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ದೋಣಿ ಮಲಗಿಸಿಕೊಂಡು, ಅಂಗಡಿಯ ಹೇರ್ ಡ್ರೈಯರ್‌ನಿಂದ ಅದರ ಹೊಟ್ಟೆ ಒಣಗಿಸುತ್ತಾ ಮಾಮ ಮುಖ ಊದಿಸಿಕೊಂಡು ಕೂತಿದ್ದ. ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಇಷ್ಟು ವರ್ಷ ನಾನು ಬಾಯಿ ಮುಚ್ಚಿ ಬಾಯಿ ಮುಚ್ಚಿ ಅಂತ ಬಡ್ಕೊಂಡೆ. ನಮ್ಮಣ್ಣ ಒಂದೇ ದಿನದಲ್ಲಿ ಮಾಡಿಬಿಟ್ಟ!"

"ನಗು, ನಗು. ನಾಳೆ ಒಂದೇ ಪಂದ್ಯ ಉಳಿದಿರೋದು. ಈ ವರ್ಷಾನೂ ಹೋಯ್ತು."

"ಬಾಯೊಳಗೇ ಹೇಳ್ಕೊಳ್ರೀ. ತುಟಿ ಅಲ್ಲಾಡಿಸ್ಬಾರ್ದು ಅಂತ ಯಾರೂ ಹೇಳಿಲ್ವಲ್ಲ? ಆದ್ರೆ ಸದ್ದು ಹೊರಗೆ ಬಂತೋ, ನಾಳೆ ತಪ್ಪು ಕೂಗೋ ಕೆಲಸಕ್ಕೆ ಮೇಡಂ ನನ್ನನ್ನೇ ಹಾಕಿದಾರೆ. ಕೂಗೇ ಕೂಗ್ತೀನಿ."

"ಕಟ್ಕೊಂಡ ಗಂಡನ ಮೇಲೇನೇ?"

"ಟೀಸಿ ತಂಗಿ ರೀ ನಾನು."

ಭಾನುವಾರ ಗಾಳಿ ಹದವಾಗಿತ್ತು. ಹೆಂಡತಿ ಕೆಂಪು ಟೋಪಿ ಹಾಕಿಕೊಂಡು ದಡದ ತುದಿಯ ಕಲ್ಲಿನ ಮೇಲೆ ಹತ್ತಿ ನಿಂತಳು. ಸೀಟಿ ಕೂಗಿತು. ಮಾಮನ ತುಟಿ ಅಲ್ಲಾಡತೊಡಗಿತು. ಸದ್ದಿಲ್ಲ, ಆದರೆ ಒಳಗೊಳಗೇ ವಟವಟ ನಡೆದೇ ಇತ್ತು, ಕೈಗೆ ಅಷ್ಟು ಸಾಕಾಯಿತು. ಕೊನೆಯ ಸುತ್ತಿಗೆ ಬರುವಾಗ ಮೂರನೆಯವರು ಭಾವ, ನಾಲ್ಕನೆಯವರು ಹಲ್ಲಿನ ಡಾಕ್ಟರು, ಅವರ ಬೆನ್ನಿಗೇ ಮಾಮನ ನೀಲಿ ಪಟ್ಟೆ. ಇನ್ನೊಬ್ಬರನ್ನು ಹಿಂದೆ ಹಾಕಿದರೆ ಮೇಲಿನ ಗುಂಪು!

ದೂರದ ತೇಲುಗುಂಡನ್ನು ಸುತ್ತುವಾಗ ಬಿಳೀ ಹಾಯಿಗಳೆಲ್ಲ ಒಂದಕ್ಕೊಂದು ಕಲಸಿಹೋದವು. ಬಿಡಿಸಿಕೊಂಡು ಹೊರಬಂದಾಗ ಮಾಮ ನೋಡುತ್ತಾನೆ, ಡಾಕ್ಟರ ದೋಣಿ ಗೆಲುವಿನ ಗೆರೆಯ ಕಡೆ ಬರುತ್ತಿದೆ, ಭಾವನ ದೋಣಿ ದಿಕ್ಕು ತಪ್ಪಿ ಜೊಂಡಿನ ಕಡೆ ಹೊರಟಿದೆ. ಭಾವ ಮಾತ್ರ ಕಣ್ಣು ಕಿರಿದು ಮಾಡಿಕೊಂಡು ಡಾಕ್ಟರ ದೋಣಿಯನ್ನೇ ದಿಟ್ಟಿಸುತ್ತಾ ಕಡ್ಡಿ ತಿರುಗಿಸುತ್ತಿದ್ದಾರೆ. "ಬ್ಯಾಟರಿ ಕೈಕೊಡ್ತು ಅಂತ ಕಾಣುತ್ತೆ" ಎಂದು ಗೊಣಗುತ್ತಿದ್ದಾರೆ.

ಭಾವ ದಾರಿ ತಪ್ಪಿದ್ದರಿಂದ ಮಾಮ ಈಗ ನಾಲ್ಕನೆಯವನು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಬಾಯಿ ಮುಚ್ಚಿಕೊಂಡಿರು ಎಂದು ಹೇಳಿದವರೂ ಭಾವನೇ! ಇದಕ್ಕಿಂತ ಚೆಂದದ ನ್ಯಾಯ ಎಲ್ಲಿ ಸಿಗುತ್ತದೆ ಹೇಳಿ.

ಆದರೆ ಮಾಮ ಒಂದು ಸಲ ಪಕ್ಕಕ್ಕೆ ನೋಡಿಬಿಟ್ಟ. ಭಾವನ ಹಣೆಯಲ್ಲಿ ಬೆವರು, ಕಣ್ಣು ಇನ್ನೂ ಡಾಕ್ಟರ ದೋಣಿಯ ಮೇಲೇ. ರೈಲು ಡಬ್ಬಿಯ ಈ ತುದಿಯಿಂದಲೇ ಆ ತುದಿಯ ಟಿಕೆಟ್ ಕಳ್ಳನನ್ನು ಹಿಡಿಯುತ್ತಿದ್ದ ಮನುಷ್ಯ! ನಿನ್ನೆ ಎರಡು ಸಲ, ಇವತ್ತೂ ಅದೇ. ಇದು ಮರೆವಲ್ಲ, ಇವರಿಗೆ ಹಾಯಿಯ ಮೇಲಿನ ನಂಬರೇ ಕಾಣುತ್ತಿಲ್ಲ ಎಂದು ಮಾಮನಿಗೆ ಆಗ ಹೊಳೆಯಿತು. ಆಮೇಲೆ ಅವನ ಬಾಯಿ ಅವನನ್ನು ಕೇಳಲಿಲ್ಲ.

"ಭಾವಾ! ಅದು ಡಾಕ್ಟ್ರುದು! ನಿಮ್ದು ಜೊಂಡಿನ ಹತ್ರ ಇದೆ, ಎಡಕ್ಕೆ ತಗೊಳ್ಳಿ, ಇನ್ನೂ ಎಡಕ್ಕೆ, ಹಾಂ, ಬಂತು ಬಂತು!"

"ಮಾತು!" ಎಂದು ಕಲ್ಲಿನ ಮೇಲಿಂದ ಹೆಂಡತಿ ಕೂಗಿದಳು. "ನೀಲಿ ಪಟ್ಟೆ, ಒಂದು ಸುತ್ತು!" ಕೂಗಿ, ಟೋಪಿ ಎಳೆದು ಮುಖ ಮುಚ್ಚಿಕೊಂಡಳು.

ಮಾಮ ಸುತ್ತು ಹೊಡೆದ. ದೋಣಿ ತನ್ನ ಬಾಲ ತಾನೇ ಹಿಡಿಯಲು ಹೋದ ನಾಯಿಯ ಹಾಗೆ ತಿರುಗುತ್ತಿರುವಾಗಲೇ ಭಾವನ ದೋಣಿ ಸರ್ರನೆ ಪಕ್ಕದಲ್ಲಿ ಹಾದುಹೋಯಿತು. ಭಾವ ನಾಲ್ಕನೆಯವರು. ಮಾಮ ಐದನೆಯವನು, ಕೂದಲೆಳೆಯ ಅಂತರದಲ್ಲಿ. ಮಾಮನಿಗೆ ಅಳು ಬರುವಂತಾಯಿತು. ಛೇ, ಈ ಹಾಳು ಬಾಯಿ!

ಭಾವ ದೋಣಿಯನ್ನು ನೀರಿನಿಂದ ಎತ್ತಲೂ ಇಲ್ಲ. ನೆಟ್ಟಗೆ ತೀರ್ಪುಗಾರ್ತಿಯ ಮೇಜಿನ ಮುಂದೆ ಹೋಗಿ, ಸಮವಸ್ತ್ರ ತೊಟ್ಟ ದಿನಗಳಂತೆ ಸೆಟೆದು ನಿಂತರು.

"ಮೇಡಂ, ನನಗೆ ಪಂದ್ಯದಲ್ಲಿ ಬೇರೆಯವರ ಸಹಾಯ ಸಿಕ್ಕಿದೆ. ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ನನ್ನ ಸ್ಥಾನ ತೆಗೆದುಹಾಕಿ. ನಿನ್ನೆಯ ದೂರನ್ನೂ ವಾಪಸ್ ತಗೊಂಡಿದೀನಿ."

ಮಾಮ ಓಡೋಡಿ ಬಂದ. "ಭಾವಾ, ಏನಿದು? ಯಾರೂ ಏನೂ ಅಂದಿಲ್ಲ, ನೀವು ಸುಮ್ನೆ ಮೇಲಕ್ಕೆ ಹೋಗಿ."

"ಟಿಕೆಟ್ ಇಲ್ದೆ ನಾನು ಹತ್ತಲ್ಲ ಕಣಯ್ಯಾ."

ಆಮೇಲೆ ದನಿ ತಗ್ಗಿಸಿದರು. "ವರ್ಷದಿಂದ ನಂಬರ್ ಮಸುಕು ಮಸುಕು. ನಿನ್ನ ವಟವಟ ಕೇಳ್ಕೊಂಡೇ ಯಾರು ಎಲ್ಲಿದಾರೆ ಅಂತ ತಿಳ್ಕೊಳ್ತಿದ್ದೆ. ನಿನ್ನೆ ಎಲ್ರೂ ನಕ್ರಲ್ಲ, ಅವಮಾನ ಆಯ್ತು, ಸಿಟ್ಟು ಬಂತು. ತಪ್ಪಾಯ್ತು. ಈಗ ನಾಲ್ಕನೆಯವನು ನೀನು. ನಿಂತ್ಕೊಂಡು ಏನ್ ನೋಡ್ತೀಯ, ಹೋಗು!"

"ನಾಳೆಯೇ ಕಣ್ಣಿನ ಡಾಕ್ಟ್ರ ಹತ್ರ ನಡಿ ನೀನು" ಎಂದು ತಂಗಿ ಅಣ್ಣನ ತೋಳು ಹಿಡಿದುಕೊಂಡಳು. ನಗುತ್ತಿದ್ದಳೋ, ಅಳುತ್ತಿದ್ದಳೋ, ಗೊತ್ತಾಗುವಂತಿರಲಿಲ್ಲ.

ಮೇಡಂ ಪಟ್ಟಿ ತಿದ್ದಿ, ಮಾತಿನ ಮೇಲಿನ ದಂಡವನ್ನೂ ಕೈಬಿಟ್ಟರು. ಹೀಗೆ ಕಟಿಂಗ್ ಮಾಮ ಮೇಲಿನ ಗುಂಪಿನಲ್ಲಿ ನಿಂತ. ಪಕ್ಕದಲ್ಲೇ ಕಳೆದ ವರ್ಷದ ಚಾಂಪಿಯನ್, ಗಡಿಯಾರ ರಿಪೇರಿ ಮಾಡುವವರು. ಬಾಯಿ ಬಿಟ್ಟರೆ ಮುತ್ತು ಉದುರಿಬಿಡುತ್ತದೇನೋ ಎಂಬಂತೆ ಇರುವವರು. ಆ ದಡವೇ ಪರೀಕ್ಷೆಯ ಕೋಣೆಯ ಹಾಗೆ ಗಪ್‌ಚಿಪ್. ಸೀಟಿ ಕೂಗಿತು, ಮಾಮ ಬಾಯಿ ತೆರೆದ.

"ಒಬ್ಬ ಬಂದ ಕಣ್ರೀ, ಮೀಸೆ ಪೂರ್ತಿ ತೆಗೀರಿ ಅಂತ..."

ಮೊದಮೊದಲು ಯಾರೂ ತಿರುಗಿ ನೋಡಲಿಲ್ಲ. ಅರ್ಧ ಮೀಸೆಯವನು ಬಟ್ಟೆ ಸಮೇತ ರಸ್ತೆಗೆ ಓಡುವ ಹೊತ್ತಿಗೆ ನಾಲ್ಕು ಜನ ಕಿಸಕ್ಕೆಂದರು. ದೋಣಿಗಳು ಒಂದೊಂದಾಗಿ ಗೆರೆ ದಾಟಿದವು. ಚಾಂಪಿಯನ್ ಮತ್ತೆ ಚಾಂಪಿಯನ್ನೇ. ಮಾಮನದು ಎಲ್ಲರಿಗಿಂತ ಹಿಂದೆ, ಕೆರೆಯ ನಡುವೆ, ಗಾಳಿಯಿಲ್ಲದ ಜಾಗದಲ್ಲಿ ತೂಕಡಿಸುತ್ತಿತ್ತು. ಆದರೆ ಪಂದ್ಯ ಮುಗಿಸಿದ ಒಬ್ಬರೂ ದೋಣಿ ಎತ್ತಿಕೊಂಡು ಹೊರಡಲಿಲ್ಲ.

"ಆಮೇಲೆ?" ಎಂದರು ಚಾಂಪಿಯನ್.

"ತಡೀರಿ ಸಾರ್, ದೋಣಿ ಬರ್ಲಿ."

"ದೋಣಿ ಮನೆ ಹಾಳಾಯ್ತು, ಹೇಳಯ್ಯಾ!" ಎಂದು ಹಿಂದಿನ ಬೆಂಚಿನಿಂದ ಭಾವ ಕೂಗಿದರು.

ಸಣ್ಣಗೆ ಗಾಳಿ ಬೀಸಿ ನೀಲಿ ಪಟ್ಟೆ ಉಬ್ಬಿತು. ಮಾಮ ಹಗ್ಗ ಸಡಿಲಿಸಿದ.

"ಎಲ್ಲಿಗೆ ಓಡಿದ? ಹೆರಿಗೆ ಆಸ್ಪತ್ರೆಗೆ! ಫೋನ್ ಬಂದಿದ್ದು ಅಲ್ಲಿಂದ್ಲೇ. ಅವನ್ ಹೆಂಡ್ತಿ ನೋವಲ್ಲಿ ಒದ್ದಾಡ್ತಿದ್ಲಂತೆ. ಅರ್ಧ ಮೀಸೆ, ಕತ್ತಲ್ಲಿ ಪಟ್ಟೆ ಬಟ್ಟೆ, ಈ ಮೂತಿ ನೋಡಿ ನಗೋಕೆ ಶುರು ಮಾಡಿದ್ಲು ನೋಡಿ, ಆ ನಗುವಿಗೇ ಮಗು ಹೊರಗೆ ಬಂತಂತೆ! ಮಾರನೇ ದಿನ ಬಂದು ಬಟ್ಟೆ ಕೊಟ್ಟ. ಕೂತ್ಕೋ, ಇನ್ನರ್ಧ ತೆಗೀತೀನಿ ಅಂದೆ. ಬೇಡ ಮಾಮ, ಮಗು ಮನೆಗೆ ಬರೋ ತನಕ ಹಿಂಗೇ ಇರ್ಲಿ ಅಂತ ಹೆಂಡ್ತಿ ಹೇಳಿದಾಳೆ ಅಂದ!"

ದಡಕ್ಕೆ ದಡವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಗದ್ದಲದಲ್ಲಿ ನೀಲಿ ಪಟ್ಟೆಯ ದೋಣಿ ಮೆಲ್ಲಗೆ ಗೆರೆ ದಾಟಿದ್ದು ಮಾಮನಿಗೂ ಗೊತ್ತಾಗಲಿಲ್ಲ. ಭಾವ ನಕ್ಕು ನಕ್ಕು ಒದ್ದೆಯಾದ ಕಣ್ಣೊರೆಸಿಕೊಳ್ಳುತ್ತಾ, "ನಮ್ಮವನದು ಬಂತೇನೇ?" ಎಂದು ತಂಗಿಯನ್ನು ಕೇಳಿದರು.

"ಬಂತು ಅಣ್ಣಾ, ಎಲ್ರಿಗಿಂತ ಕೊನೇಲಿ" ಎಂದಳು ಅವಳು, ಟೋಪಿ ಗಾಳಿಗೆ ಎಸೆಯುತ್ತಾ.