ಕೈ ಕಟ್ಟಿ ನಿಂತ ಸೊಸೆ

ನನ್ನ ಸೊಸೆಯ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಬಾರದ ಮಕ್ಕಳಿರುತ್ತಾರಲ್ಲ, ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ, ಆ ಮಕ್ಕಳನ್ನು ಕೂರಿಸಿ, ನಿಲ್ಲಿಸಿ, ತಿರುಗಿಸಿ, ಸಮತೋಲನ ಎಷ್ಟಿದೆ ಎಂದು ಅಂಕ ಹಾಕುವುದು ಅವಳ ಕೆಲಸ. ಮಗು ವಾಲಿದಾಗ ಹಿಡಿಯಲು ಓಡುವ ತಾಯಂದಿರನ್ನು ಗದರಿಸಿ ಗೋಡೆ ಪಕ್ಕ ನಿಲ್ಲಿಸುತ್ತಾಳೆ. ಅಲ್ಲಿ ಅವಳಿಗೆ ‘ಕಲ್ಲುಗುಂಡಿಗೆ ಮೇಡಂ’ ಎಂದೇ ಹೆಸರು. ಇಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು.

ನನ್ನ ಮಗಳ ಮಗಳೂ ಅಂಥದೇ ಮಗು. ಅಳಿಯನಿಗೆ ದೂರದ ಕೆಲಸ, ಹಾಗಾಗಿ ತಾಯಿ ಮಗು ಇಬ್ಬರೂ ನಮ್ಮಲ್ಲೇ ಇದ್ದಾರೆ. ಮಗುವಿಗೆ ಆರು ವರ್ಷ. ಕಾಲು ಸೋತರೂ ನಾಲಿಗೆ ಸೋತಿಲ್ಲ, ನಾವು ಕರೆಯುವುದು ಸೂಜಿಮೆಣಸು ಎಂದು. ಮಗಳು ಅದನ್ನು ಸೊಂಟದಿಂದ ಇಳಿಸಿದ್ದೇ ಕಡಿಮೆ. ಪಕ್ಕದ ರಸ್ತೆಯ ಶಾಲೆಯವರು, ಮಗು ಏನನ್ನೂ ಹಿಡಿಯದೆ ನಿಲ್ಲುತ್ತದೆ, ಬಿದ್ದರೆ ತಾನೇ ಏಳುತ್ತದೆ ಎಂದು ಬರೆಸಿಕೊಂಡು ವಾರದೊಳಗೆ ಬಂದರೆ ಸೇರಿಸಿಕೊಳ್ಳುತ್ತೇವೆ ಎಂದರು. ನನಗೇನು ಚಿಂತೆ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದುಂಟೇ?

“ಒಂದು ಸಾಲು ಗೀಚಿ ಕೊಟ್ರಾಯ್ತು, ನಿಂಗೇನು ಕಷ್ಟ?” ಎಂದೆ ಸೊಸೆಗೆ.

“ನೋಡ್ದೆ ಗೀಚಲ್ಲ ಅತ್ತೆ. ಕರ್ಕೊಂಡು ಬನ್ನಿ.”

ಆಸ್ಪತ್ರೆಗೆ ಹೋದೆವು. ಬೆನ್ನಿಲ್ಲದ ಬೆಂಚಿನ ಮೇಲೆ ಮಗುವನ್ನು ಕೂರಿಸಿದಳು, ಕೂತಿತು. ಏಳು ಎಂದಳು, ಬೆಂಚಿನ ಅಂಚು ಹಿಡಿದು ಎದ್ದಿತು. “ಈಗ ಕೈ ಬಿಡು,” ಎಂದಳು. ಬಿಟ್ಟಿತು, ಒಂದು ಗಳಿಗೆ ನಿಂತಿತು, ಬಲಕ್ಕೆ ವಾಲಿತು. ಈ ಮಹಾರಾಯಿತಿ ಒಂದು ಹೆಜ್ಜೆ ಆಚೆ ಕೈ ಕಟ್ಟಿಕೊಂಡು ನಿಂತಿದ್ದಾಳೆ. ಮಗು ಚಾಪೆಯ ಮೇಲೆ ದೊಪ್ಪೆಂದು ಬಿತ್ತು. ಮಗಳು ಹೋಗಿ ಬಾಚಿ ಎತ್ತಿಕೊಂಡಳು.

“ಇಳ್ಸು. ತಾನೇ ಏಳುತ್ತಾ ಅಂತ ನೋಡ್ಬೇಕು.”

“ನಿಮ್ಮ ಹೊಟ್ಟೇಲಿ ಒಂದು ಹುಟ್ಟಿದ್ದಿದ್ರೆ ಗೊತ್ತಾಗ್ತಿತ್ತು ಅತ್ತಿಗೆ,” ಎಂದಳು ಮಗಳು.

ಸೊಸೆಗೆ ಮಕ್ಕಳಿಲ್ಲ. ಮಾತು ಜಾಸ್ತಿಯಾಯಿತು ಎಂದು ನನಗೂ ಅನಿಸಿತು, ಆದರೆ ಆಗ ನಾನು ಅವಳ ಪರ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅವಳು ಪೆನ್ನು ತೆಗೆದು, ಹಿಡಿಯದೆ ನಿಲ್ಲಲಾರಳು ಎಂದು ಬರೆದು ಮುಂದಿನ ಮಗುವನ್ನು ಕರೆದಳು.

ಅಂದಿನಿಂದ ಮಗಳು ಅತ್ತಿಗೆಯ ಜೊತೆ ಮಾತು ಬಿಟ್ಟಳು. ಶಾಲೆಯ ಗಡುವಿಗೆ ಎರಡು ದಿನ ಉಳಿದಾಗ ನನಗೆ ತಡೆಯಲಾಗಲಿಲ್ಲ. “ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ನೀನು ಎರಡು ಕಡೆಗೂ ಮಾರಿ,” ಎಂದೆ. ಸೊಸೆ, “ಸುಳ್ಳು ಬರೆದು ಕಳ್ಸಿದ್ರೆ ಅಲ್ಲಿ ಬಿದ್ದಾಗ ಎತ್ತೋಕೆ ನೀವು ಹೋಗ್ತೀರಾ?” ಎಂದಳು. ಮಾತಿಗೆ ಮಾತು ಬೆಳೆಯಿತು. ನನ್ನ ಮಗ, ಗಂಡಸು, ಪೇಪರಿನ ಹಿಂದೆ ಅಡಗಿದ.

ಮಗು ಯಾವಾಗ ತಾಯಿಯ ತೊಡೆಯಿಂದ ಜಾರಿತೋ ತಿಳಿಯಲಿಲ್ಲ. ತಿರುಗಿ ನೋಡಿದರೆ ಮಂಚ ಹಿಡಿದು ಎದ್ದು, ಎರಡೂ ಕೈ ಬಿಟ್ಟು ನಿಂತಿದೆ. ನಿಂತೇ ಇದೆ. ಆಮೇಲೆ ಬರೀ ನೆಲದ ಮೇಲೆ ಮುಖ ಅಡಿಯಾಗಿ ಬಿತ್ತು, ತುಟಿ ಒಡೆದು ರಕ್ತ ಬಂತು. ಮಗಳು ಎತ್ತಲು ಕೈ ಹಾಕಿದಳು. ಸೂಜಿಮೆಣಸು ಆ ಕೈಯನ್ನು ಕಚ್ಚಿಬಿಟ್ಟಿತು.

“ಬಿಡು. ನಾನೇ ಏಳ್ತೀನಿ.”

ಮಗಳು ಮತ್ತೆ ಬಗ್ಗಿದಳು. ನಾನು ಅವಳ ರಟ್ಟೆ ಹಿಡಿದು ಎಳೆದೆ. ಆ ಮಗುವಿನ ಮುಖದಲ್ಲಿದ್ದ ಸಿಟ್ಟು ನೋಡಿ ನನಗೇ ಹೆದರಿಕೆಯಾಯಿತು. ಸೊಸೆ ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡಿದ್ದಳು. ಮಗು ಮಂಡಿಯೂರಿತು, ಜಾರಿತು, ಬೈದುಕೊಂಡಿತು, ಮತ್ತೆ ಊರಿತು. ಕೊನೆಗೆ ಕಾಲು ಅಗಲಿಸಿ, ತೂಗಾಡುತ್ತ, ಎದ್ದು ನಿಂತಿತು.

“ಈಗ ಬರ್ಕೋ,” ಎಂದಿತು ತನ್ನ ಅತ್ತೆಗೆ.

“ಮನೇಲಿ ಬರ್ಯಲ್ಲ. ನಾಳೆ ಆಸ್ಪತ್ರೆಗೆ ಬಂದು ಮಾಡಿ ತೋರ್ಸು.”

ಥೂ, ಇವಳ ಕಾನೂನಿಗೆ ಬೆಂಕಿ ಬೀಳಲಿ. ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ, ಕಚ್ಚಿದ ಕೈಯನ್ನು ಒತ್ತಿಕೊಳ್ಳುತ್ತ, ಗೋಡೆಯ ಕಡೆ ಮುಖ ಮಾಡಿ ಮಗಳು ಕೇಳಿದಳು:

“ಎಷ್ಟು ಗಂಟೆಗೆ, ಅತ್ತಿಗೆ?”